ಮೂರನೆಯ ಗ್ಲಾಸಿನ ರಸ

ಹೋದ ತಿಂಗಳು ಕಣ್ಣು ತೋರಿಸಲು ಪಿ.ಜೆ. ಬಡಾವಣೆಯ ಡಾಕ್ಟರ ಹತ್ತಿರ ಹೋಗಿದ್ದೆ. ಕಣ್ಣಿಗೆ ಹನಿ ಹಾಕಿ, ಅರ್ಧ ಗಂಟೆ ಮುಚ್ಚಿಕೊಂಡೇ ಇರಿ ಎಂದು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ರಸ್ತೆಯ ಆಚೆ ಹಣ್ಣಿನ ಗಾಡಿ ನಿಂತಿರಬೇಕು. ಮಾರ್ಚ್ ತಿಂಗಳ ಬಿಸಿಲಿಗೆ ಕಪ್ಪು ದ್ರಾಕ್ಷಿಯ ವಾಸನೆ ಬಂತು. ಹೊಸ ಹಣ್ಣಿನ ವಾಸನೆಯಲ್ಲ. ಬುಟ್ಟಿಯ ತಳದಲ್ಲಿ ಒಡೆದು, ಒಂದು ದಿನ ಕಳೆದು, ಸಣ್ಣಗೆ ಹುದುಗು ಹಿಡಿದ ಹಣ್ಣಿನದು. ಎಪ್ಪತ್ತು ವರ್ಷ ದಾಟಿದ ಮೇಲೆ ಹಲವು ವಾಸನೆಗಳು ನನ್ನನ್ನು ಬಿಟ್ಟುಹೋಗಿವೆ, ಇದು ಬಿಟ್ಟಿಲ್ಲ. ಪಕ್ಕದಲ್ಲಿ ಮಗಳು ಕೂತಿದ್ದಳು. ಹರಿಹರದ ಆ ಒಂದು ವರ್ಷದ ವಿಷಯವನ್ನು ಅವಳಿಗೂ ನಾನು ಹೇಳಿದವಳಲ್ಲ.

ನಾನು ಹದಡಿಯ ಹುಡುಗಿ. ಅಪ್ಪನ ಆಲೆಮನೆಯಲ್ಲಿ ಬೆಲ್ಲ ನೆಕ್ಕುತ್ತಲೇ ಬೆಳೆದೆ. ಯಾವ ಅಚ್ಚು ಮೊದಲ ಪಾಕದ್ದು, ಯಾವುದು ಕೊಪ್ಪರಿಗೆಯ ತಳ ಹಿಡಿದದ್ದು, ಯಾವ ಕಬ್ಬು ಚೌಳು ನೆಲದ್ದು ಎಂದು ಚೂರು ಬಾಯಿಗಿಟ್ಟರೆ ಹೇಳುತ್ತಿದ್ದೆ. ದಾವಣಗೆರೆಯ ಬೆಲ್ಲದ ಮಂಡಿಯ ಸಾಹುಕಾರರು ಸರಕು ನೋಡಲು ಬಂದವರು ನನ್ನ ಈ ಬುದ್ಧಿ ನೋಡಿಯೇ ತಮ್ಮ ಎರಡನೆಯ ಮಗನಿಗೆ ನನ್ನನ್ನು ತಂದುಕೊಂಡರು ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ಇರಬಹುದು. ಮದುವೆಯಾದ ಮೇಲೆ ಮಾವನವರು ಆಗಾಗ ಮಂಡಿಯಿಂದ ಒಂದು ಚೂರು ಬೆಲ್ಲ ಕಟ್ಟಿಕೊಂಡು ಬಂದು, ಏನೂ ಮಾತಾಡದೆ ನನ್ನ ಅಂಗೈಗೆ ಹಾಕಿ, ನಾನು ಹೇಳುವವರೆಗೆ ಕಾಯುತ್ತಿದ್ದದ್ದು ಮಾತ್ರ ನಿಜ.

ನಮ್ಮವರಿಗೆ ಮಂಡಿಯ ವ್ಯಾಪಾರ ಒಗ್ಗಲಿಲ್ಲ. ಓದಿಕೊಂಡು, ಭದ್ರಾ ನಾಲೆಯ ಕೆಲಸದಲ್ಲಿ ಓವರ್ಸಿಯರ್ ಆದರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಜನವರಿಯಲ್ಲಿ ಅವರನ್ನು ಹರಿಹರಕ್ಕೆ ಹಾಕಿದರು. ಹೊಳೆಯ ಕಡೆಗೆ ಎರಡು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಸೈಕಲ್ಲು ಹತ್ತಿದರೆ ಅವರು ಬರುವುದು ಸಂಜೆಗೇ. ನನಗೆ ಇಪ್ಪತ್ತೊಂದು ವರ್ಷ, ಮಕ್ಕಳಿನ್ನೂ ಇರಲಿಲ್ಲ. ತುಂಬಿದ ಮನೆಯಿಂದ ಬಂದವಳಿಗೆ ಆ ಎರಡು ಕೋಣೆಗಳಲ್ಲಿ ಹಗಲು ಕಳೆಯುವುದೇ ಕಷ್ಟವಾಗಿತ್ತು. ಹೊಳೆಯ ಮೇಲಿಂದ ಬೀಸುವ ಗಾಳಿ ಮರಳು ತಂದು ಹೊಸಲಿಗೆ ಸುರಿಯುತ್ತಿತ್ತು. ದಿನಕ್ಕೆ ನಾಲ್ಕು ಸಲ ಗುಡಿಸುತ್ತಿದ್ದೆ.

ನಮ್ಮವರ ಮೇಲಿನ ಎಂಜಿನಿಯರು ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು. ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಅನ್ನುತ್ತೇನೆ. ಫೆಬ್ರವರಿಯ ಒಂದು ಭಾನುವಾರ ನಮ್ಮಿಬ್ಬರನ್ನು ಚಹಾಕ್ಕೆ ಕರೆದಿದ್ದರು. ಅವರ ಹೆಂಡತಿ ಸಣ್ಣ ಗ್ಲಾಸಿನಲ್ಲಿ ಕೆಂಪಗಿನ ರಸ ಕೊಟ್ಟರು. ಶರಬತ್ತು ಎಂದುಕೊಂಡು ಒಂದು ಗುಟುಕು ಕುಡಿದೆ. ಗಂಟಲು ಬೆಚ್ಚಗಾಯಿತು. ಏನೆಂದು ಗೊತ್ತಾಗುವ ಮೊದಲೇ, ಇದಕ್ಕೆ ಬೆಲ್ಲ ಹಾಕಿದ್ದಾರೆ, ಅದೂ ಹಳೆಯ ಬೆಲ್ಲ, ಎಂದುಬಿಟ್ಟೆ.

ಸಾಹೇಬರು ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟರು. ಅದು ಭದ್ರಾವತಿಯಲ್ಲಿ ಒಬ್ಬರು ಮನೆಯಲ್ಲಿ ಮಾಡಿದ ದ್ರಾಕ್ಷಿಯ ವೈನು, ಬರೀ ಹಣ್ಣಿನದು ಎಂದು ಆಣೆ ಹಾಕಿ ಕಳಿಸಿದ್ದರಂತೆ. ಸಾಹೇಬರು ಕಾಗದ ಬರೆದು ಕೇಳಿದಾಗ ಬೆಲ್ಲ ಹಾಕಿದ್ದನ್ನು ಅವರು ಒಪ್ಪಿಕೊಂಡರು. ಅಲ್ಲಿಂದ ನನ್ನ ನಾಲಿಗೆಯ ಸುದ್ದಿ ಅವರ ಬಳಗದಲ್ಲೆಲ್ಲ ಹಬ್ಬಿತು.

ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಇತ್ತು. ಚರ್ಚಿನ ಪೂಜೆಗೆ ಬೇಕಾದ ವೈನಿಗೆ ಮಾತ್ರ ವಿನಾಯಿತಿ. ಅದು ಮೊದಲು ಗೋವೆಯಿಂದ ಬರುತ್ತಿತ್ತು, ಗಡಿ ಬಂದಾಗಿ ಆ ದಾರಿ ಮುಚ್ಚಿಹೋಗಿತ್ತು. ಅದಕ್ಕೇ ಊರಿನ ಪಾದ್ರಿಗಳು ಹತ್ತಿರದಲ್ಲೇ ಮಾಡಿಕೊಡುವವರನ್ನು ಹುಡುಕುತ್ತಿದ್ದರು. ಪೂಜೆಯ ವೈನಿಗೆ ದ್ರಾಕ್ಷಿ ಬಿಟ್ಟು ಬೇರೇನೂ ಸೇರಬಾರದು. ಬೆಲ್ಲ ಕೂಡದು, ಸಕ್ಕರೆ ಕೂಡದು, ಸಾರಾಯಿಯಂತೂ ಕೂಡಲೇಕೂಡದು. ವರ್ಷದ ಕೊನೆಯೊಳಗೆ ಯಾರಾದರೂ ಒಬ್ಬರ ಹೆಸರನ್ನು ಅವರು ಪರವಾನಗಿಗೆ ಬರೆದು ಕಳಿಸಬೇಕಿತ್ತು. ಹೀಗಾಗಿ ತಿಂಗಳಿಗೆರಡು ಭಾನುವಾರ ಪಾದ್ರಿಗಳ ಮನೆಯ ಪಡಸಾಲೆಯಲ್ಲಿ ಪಾದ್ರಿಗಳು, ಸಾಹೇಬರು, ರೈಲಿನ ಗಾರ್ಡ್ ಆಗಿ ನಿವೃತ್ತರಾಗಿದ್ದ ಒಬ್ಬ ಮುದುಕರು ಸೇರುತ್ತಿದ್ದರು. ಅಲ್ಲಿಂದ ಒಂದು, ಇಲ್ಲಿಂದ ಒಂದು ಎಂದು ತರಿಸಿದ ಬಾಟಲಿಗಳನ್ನು ರುಚಿ ನೋಡಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಆ ಬಳಗಕ್ಕೆ ನನ್ನನ್ನೂ ಕಳಿಸಿಕೊಡಬೇಕೆಂದು ಸಾಹೇಬರು ನಮ್ಮವರನ್ನು ಕೇಳಿದರು.

ನಾನು ಒಲ್ಲೆ ಎಂದೆ. ಲಿಂಗ ಕಟ್ಟಿಕೊಂಡ ಮನೆ ನಮ್ಮದು. ಮಾವನವರು ಹೋಟೆಲಿನ ನೀರನ್ನೂ ಮುಟ್ಟದವರು. ನಮ್ಮವರು ಬಡ್ತಿಯ ದಾರಿ ನೋಡುತ್ತಿದ್ದರು. ಬರೀ ಬಾಯಿಗೆ ಹಾಕಿ ಉಗುಳಿದರಾಯಿತು, ದೇವರ ಪೂಜೆಗೆ ತಾನೇ, ದಾವಣಗೆರೆಗೆ ಯಾರು ಹೋಗಿ ಹೇಳುತ್ತಾರೆ ಎಂದರು. ಎರಡು ದಿನ ಊಟದ ಹೊತ್ತಿಗೆ ಮುಖ ಊದಿಸಿಕೊಂಡು ಕೂತರು. ಮೂರನೆಯ ದಿನ ನಾನು ಹೂಂ ಎಂದೆ.

ಮೊದಲ ಎರಡು ಸಲ ಉಗುಳಿದೆ. ಪಡಸಾಲೆಯ ಕಂಬದ ಹಿಂದೆ ನನಗೊಂದು ತಂಬಿಗೆ ಇಟ್ಟಿದ್ದರು. ಜೊತೆಗೆ ಬಂದ ನಮ್ಮವರು ಕಂಬದ ಆಚೆ ಕೂರುತ್ತಿದ್ದರು. ಬಳಗದ ಮೂವರು ಗ್ಲಾಸನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವರು. ಅಂಚಿನಲ್ಲಿ ನೇರಳೆ ಇದೆಯೋ, ಇಟ್ಟಿಗೆಯ ಕೆಂಪೋ ಎಂದು ಜಗಳವಾಡುವರು. ಆಮೇಲೆ ಮೂಗಿಗೆ ಹಿಡಿದು, ಕೊನೆಗೆ ಒಂದು ಗುಟುಕು. ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲು ಬಾಯಿ ಸಪ್ಪಗಾಗಲೆಂದು ಒಣ ಮಂಡಕ್ಕಿ ಮೆಲ್ಲುವರು. ಸಾಹೇಬರು ಮಾತಿಗಾರರು. ಗಾರ್ಡ್ ಮುದುಕರಿಗೆ ಎಲ್ಲವೂ ಚೆನ್ನ. ನಾನು ಕಡೆಗೆ ಎರಡೇ ಮಾತು ಹೇಳುತ್ತಿದ್ದೆ: ಇದರಲ್ಲಿ ಸಿಪ್ಪೆ ಹೆಚ್ಚು ದಿನ ನೆನೆದಿದೆ, ಇದರ ಜಾಡಿ ಸರಿಯಾಗಿ ತೊಳೆದದ್ದಲ್ಲ, ಹೀಗೆ. ಪಾದ್ರಿಗಳು ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ನನ್ನ ಜೀವಮಾನದಲ್ಲಿ ನಾನಂದದ್ದನ್ನು ಗಂಡಸರು ಬರೆದುಕೊಂಡದ್ದು ಅಲ್ಲೇ ಮೊದಲು. ಮೂರನೆಯ ಸಲ ನಾನು ಉಗುಳಲಿಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ, ನಾನೇ ನುಂಗಿದೆ. ಆ ರಾತ್ರಿ ಎರಡೆರಡು ಸಲ ಬಾಯಿ ಮುಕ್ಕಳಿಸಿ ಲಿಂಗಪೂಜೆಗೆ ಕೂತೆ. ಮುಂದಿನ ಸಲವೂ ನುಂಗಿದೆ.

ಏಪ್ರಿಲಿನಲ್ಲಿ ಪಾದ್ರಿಗಳು ಪೂಜೆಯ ವೈನು ಮಾಡಿನೋಡಲು ಕಾತ್ರಿನಮ್ಮನಿಗೆ ಹೇಳಿ, ನನ್ನನ್ನು ಅವಳ ಮನೆಗೆ ಕಳಿಸಿದರು. ಶುದ್ಧವಾಗಿ ಮಾಡುವುದು ಹೇಗೆಂದು ಕಣ್ಣಾರೆ ನೋಡಿ ಬಾ ಎಂದಿದ್ದರು. ಕಾತ್ರಿನಮ್ಮ ರೈಲಿನ ಫೈರ್‌ಮನ್ ಒಬ್ಬರ ವಿಧವೆ. ಐವತ್ತರ ಹತ್ತಿರದ ಹೆಂಗಸು, ಸ್ಟೇಷನ್ನಿನ ಹಿಂದೆ ಹೆಂಚಿನ ಮನೆಯಲ್ಲಿ ಒಬ್ಬಳೇ ಇದ್ದಳು. ಬಟ್ಟೆ ಹೊಲಿದು ಜೀವನ. ಬೆಂಗಳೂರ ಕಡೆಯಿಂದ ರೈಲಿನಲ್ಲಿ ಬಂದ ಕಪ್ಪು ದ್ರಾಕ್ಷಿಯ ಬುಟ್ಟಿಗಳನ್ನು ಬಿಚ್ಚಿ, ಒಂದೊಂದೇ ಹಣ್ಣು ಬಿಡಿಸಿ, ಕೆಟ್ಟದ್ದನ್ನು ಆಯ್ದು ಎಸೆದು, ಕೈಯಿಂದಲೇ ಹಿಸುಕಿ ಎದೆಯೆತ್ತರದ ಪಿಂಗಾಣಿ ಜಾಡಿಗೆ ತುಂಬುತ್ತಿದ್ದಳು. ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುವಳು. ಎರಡನೆಯ ದಿನಕ್ಕೆ ಜಾಡಿ ಸುಯ್ ಎನ್ನುತ್ತ ಉಸಿರಾಡತೊಡಗುತ್ತಿತ್ತು. ಮೇಲೆದ್ದ ಸಿಪ್ಪೆಯನ್ನು ಮರದ ಸೌಟಿನಿಂದ ಒಳಗೆ ಒತ್ತಬೇಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ನಾನು ಒಂದು ದಿನ ನೋಡಿ ಬರಲು ಹೋದವಳು ದಿನಾ ಹೋಗತೊಡಗಿದೆ. ಅವಳು ಒಂದು ಬಟ್ಟಲು ರಸ ತೆಗೆದು ನನ್ನ ಕೈಗೆ ಕೊಟ್ಟು ಕೇಳುವಳು:

“ಇವತ್ತು ಸೋಸಿ ಬಿಡ್ಲೇನ್ರಿ ನೀಲಮ್ಮ, ಇನ್ನೊಂದು ದಿನ ಬಿಡ್ಲೇನ್ರಿ?”

ಒಗರು ಇನ್ನೂ ಕೂತಿಲ್ಲ, ನಾಳೆ ನೋಡೋಣ ಎಂದು ನಾನು ಹೇಳುವೆ. ಒಂಬತ್ತನೆಯ ದಿನ ನಾನು ಸಾಕು ಎಂದೆ. ಅವಳು ಮರುಮಾತಿಲ್ಲದೆ ಸೋಸಿದಳು. ಬೇರೆ ಜಾಡಿಗೆ ತುಂಬಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಕತ್ತಲ ಕೋಣೆಯಲ್ಲಿಟ್ಟಳು. ಮಳೆಗಾಲವೆಲ್ಲ ಅದು ಅಲ್ಲೇ ಕೂತಿತು. ಆ ವರ್ಷ ಹೊಳೆ ದಂಡೆಯ ಮೇಲೆ ಬಂತು. ನಮ್ಮ ಮನೆಯ ಗೋಡೆಗಳು ತೇವ ಕುಡಿದು ಹಸಿರಾದವು. ನಾನು ಮಧ್ಯಾಹ್ನಗಳನ್ನು ಕಾತ್ರಿನಮ್ಮನ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಕಳೆದೆ. ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗುವಾಗ ಬಸ್ಸು ಹತ್ತುವ ಮೊದಲು ಲವಂಗ ಅಗಿಯುವುದು ಅಭ್ಯಾಸವಾಗಿಬಿಟ್ಟಿತ್ತು, ಆ ದಿನ ಏನೂ ಕುಡಿದಿರದಿದ್ದರೂ ಸಹ. ಅತ್ತೆ ಹತ್ತಿರ ಬಂದರೆ ಮುಖ ತಿರುಗಿಸಿ ಮಾತಾಡುತ್ತಿದ್ದೆ. ಮಾವನವರು ಅಂಗೈಗೆ ಬೆಲ್ಲ ಹಾಕಿದಾಗ ನುಂಗುವುದಕ್ಕೇ ಹೆದರಿಕೆ.

ದಸರೆ ಕಳೆದ ಮೇಲೆ ನಾಲೆಯ ಕಂಟ್ರಾಕ್ಟರ್ ರುದ್ರಗೌಡ ಈ ಕಥೆಯೊಳಗೆ ಬಂದ. ಆನಗೋಡಿನ ಹತ್ತಿರ ಅವನಿಗೆ ದೊಡ್ಡ ತೋಟ, ಅದರಲ್ಲಿ ದ್ರಾಕ್ಷಿಯ ಚಪ್ಪರ. ತಾನೂ ಪೂಜೆಯ ವೈನು ಮಾಡಿಕೊಡುತ್ತೇನೆ, ಹತ್ತು ಊರಿಗೆ ಬೇಕಾದರೂ ಕೊಡುತ್ತೇನೆ ಎಂದು ಪಾದ್ರಿಗಳಿಗೆ ಹೇಳಿಕಳಿಸಿದ್ದ. ಪರವಾನಗಿಯ ಕಾಗದವೊಂದು ಕೈಗೆ ಬಂದರೆ ಅದರ ನೆರಳಲ್ಲಿ ಅವನು ಎಷ್ಟು ಸಾರಾಯಿ ಮಾರಬಹುದು ಎಂಬುದು ಊರಿಗೆಲ್ಲ ಗೊತ್ತಿತ್ತು. ಪಾದ್ರಿಗಳಿಗೆ ಗೊತ್ತಿರಲಿಲ್ಲ. ಅವರು ಗೌಡ ಕಳಿಸಿದ್ದನ್ನೂ ಕಾತ್ರಿನಮ್ಮನದನ್ನೂ ಒಟ್ಟಿಗೆ ರುಚಿ ನೋಡಿ ಆರಿಸುವುದು ನ್ಯಾಯ ಎಂದರು.

ಅದಕ್ಕೆ ವಾರ ಇರುವಾಗ ರುದ್ರಗೌಡ ನಮ್ಮವರ ಜೊತೆ ಮನೆಗೆ ಬಂದ. ಕಾಫಿ ಕುಡಿದ. ಲೋಟ ಕೆಳಗಿಟ್ಟು, ಬಹಳ ಮೆತ್ತಗೆ ಮಾತಾಡಿದ.

“ನಿಮ್ಮ ಮಾವಾರು ನಮಗೆ ಬೇಕಾದೋರು ತಂಗಿ. ವಾರಕ್ಕೊಂದ್ಸಲ ಮಂಡಿಗೆ ಹೋಗಿ ಕುಂತು ಬರ್ತೀನಿ. ನೀವಿಲ್ಲಿ ಭಾನುವಾರ ಎಲ್ಲಿಗೆ ಹೋಗ್ತೀರಿ, ಏನು ಕುಡೀತೀರಿ ಅಂತ ಅವರೂ ಕೇಳಿಲ್ಲ, ನಾನೂ ಹೇಳಿಲ್ಲ. ನಂದು ಚಲೋ ಐತೆ ಅಂತ ಒಂದ್ ಮಾತು ಹೇಳ್ರಿ. ಆ ಹೆಂಗಸಿಂದು ಕೆಟ್ಟೈತೆ ಅಂದ್ರೆ ಇನ್ನೂ ಚಲೋ.”

ಅವನು ಹೋದ ಮೇಲೆ ನಾನು ನಮ್ಮವರ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ನೀವೇ ತಾನೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಎಂದು ಕೇಳಿದೆ.

“ಕರ್ಕೊಂಡು ಹೋದೆ. ನುಂಗು ಅಂದ್ನೇನು?”

ಕಂಬದ ಆಚೆ ಕೂತಿದ್ದ ಅವರು ನೋಡುತ್ತಲೇ ಇದ್ದರು ಎಂಬುದು ನನಗೆ ಆಗಲೇ ಗೊತ್ತಾದದ್ದು. ಆ ವಾರ ಕಾತ್ರಿನಮ್ಮನ ಮನೆಯ ಕಡೆ ಹೋಗಲಿಲ್ಲ. ಜ್ವರ ಎಂದು ಹೇಳಿಕಳಿಸಿದೆ. ಅವಳು ಮೆಣಸಿನ ಸಾರು ಕಳಿಸಿದಳು. ಅದನ್ನು ಕುಡಿಯಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ. ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ಲೆಕ್ಕ ಹಾಕಿದೆ. ಹೋಗದೇ ಇದ್ದರೆ ಗೌಡ ಮಂಡಿಗೆ ಹೋಗುತ್ತಾನೆ. ಹೋಗಿ ನಿಜ ಹೇಳಿದರೂ ಮಂಡಿಗೆ ಹೋಗುತ್ತಾನೆ. ಹದಡಿಗೆ ಓಡಿಹೋಗೋಣವೆಂದರೆ, ಗಂಡನ ಮನೆಯಿಂದ ಕುಡಿದು ಬಂದವಳನ್ನು ಅಪ್ಪ ಯಾವ ಬಾಗಿಲಿಂದ ಒಳಗೆ ಕರೆದುಕೊಂಡಾನು?

ಭಾನುವಾರ ಪಡಸಾಲೆಯ ಮೇಜಿನ ಮೇಲೆ ನಾಲ್ಕು ಗ್ಲಾಸು ಇಟ್ಟಿದ್ದರು. ಯಾವುದು ಯಾರದೆಂದು ತಿಳಿಯದಿರಲೆಂದು ಸೀಮೆಸುಣ್ಣದಲ್ಲಿ ಬರೀ ಅಂಕಿ ಬರೆದಿತ್ತು. ಎರಡು ಹಳೆಯ ಬಾಟಲಿಗಳವು, ಹೋಲಿಕೆಗೆಂದು ಇಟ್ಟದ್ದು. ಕಾತ್ರಿನಮ್ಮ ಹಿಂದಿನ ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಮೊದಲನೆಯ ಗ್ಲಾಸು ಮೂಗಿನ ಹತ್ತಿರ ಬರುತ್ತಲೇ ಬೆಲ್ಲ ಗೊತ್ತಾಯಿತು. ನಾಲಿಗೆಗೆ ಹಾಕಿದರೆ ಹಿಂದೆ ಸಾರಾಯಿಯ ಉರಿ, ಗೌಡನದೇ. ಮೂರನೆಯದು ಕಾತ್ರಿನಮ್ಮನದು. ಒಂಬತ್ತು ದಿನದ ಒಗರು, ಅದರ ಕೆಳಗೆ ಹಣ್ಣಿನ ತಂಪು, ನುಂಗಿದ ಮೇಲೂ ಸ್ವಲ್ಪ ಹೊತ್ತು ಬಾಯಲ್ಲಿ ನಿಲ್ಲುವ ಒಂದು ಕಂಪು. ಆ ವರ್ಷ ನಾನು ರುಚಿ ನೋಡಿದ್ದರಲ್ಲೆಲ್ಲ ಅದರಷ್ಟು ಚೆನ್ನಾದದ್ದು ಬೇರೆ ಇರಲಿಲ್ಲ.

ಮೊದಲನೆಯದು ಶುದ್ಧವಾಗಿದೆ ಎಂದೆ. ಮೂರನೆಯದು ತಳದಲ್ಲಿ ಹುಳಿಯಾಗುತ್ತಿದೆ, ಕ್ರಿಸ್‌ಮಸ್ಸಿನ ಹೊತ್ತಿಗೆ ವಿನಿಗರ್ ಆಗುತ್ತದೆ ಎಂದೆ.

ಸಾಹೇಬರು ಮೂರನೆಯದನ್ನು ಮತ್ತೆ ಬಾಯಿಗೆ ಹಾಕಿ ಹುಬ್ಬು ಗಂಟಿಕ್ಕಿದರು. “ನನಗೆ ಹಾಗೆ ಕಾಣುವುದಿಲ್ಲ ಮಾರಾಯ್ರೆ. ಮತ್ತೆ, ಇವರ ನಾಲಿಗೆಗೆ ತಪ್ಪುವುದಿಲ್ಲ, ಅದೂ ಉಂಟು.” ಮೊದಲನೆಯದು ಸ್ವಲ್ಪ ಗಡುಸು ಎಂದು ಗೊಣಗಿದರು, ನನ್ನ ಕಡೆ ನೋಡಿ ಸುಮ್ಮನಾದರು. ಪಾದ್ರಿಗಳು ಬರೆದುಕೊಂಡರು. ನಾನು ಹಿಂದಿನ ಅಡಿಗೆಮನೆಯ ಕಡೆ ಹೋಗದೆ ಮುಂಬಾಗಿಲಿನಿಂದಲೇ ಮನೆಗೆ ಬಂದೆ.

ಗೌಡನ ಬಾಯಿ ಮುಚ್ಚಿಸಿದ್ದಾಯಿತು ಎಂದುಕೊಂಡಿದ್ದೆ. ನಾಲ್ಕೇ ದಿನಕ್ಕೆ ಅವನು ಮತ್ತೆ ಬಂದು ಕೂತ. ಇನ್ನು ಮುಂದೆ ಪ್ರತಿ ಜಾಡಿಗೂ ಶುದ್ಧ ಎಂದು ನಾನೇ ಹೇಳಬೇಕಂತೆ, ಪಾದ್ರಿಗಳು ನನ್ನ ಮಾತನ್ನೇ ನಂಬುವುದಂತೆ. ಅವನು ನಗುತ್ತ ಹೇಳಿದ. ಸುಳ್ಳು ಒಂದೇ ಸಲದ್ದಲ್ಲ, ವರ್ಷ ವರ್ಷವೂ ಹೇಳುತ್ತಲೇ ಇರಬೇಕು ಎಂದು ನನಗೆ ಆಗ ತಿಳಿಯಿತು. ನಮ್ಮವರು ಆಗಲೂ ಗೋಡೆ ನೋಡುತ್ತಿದ್ದರು.

ಕಾರ್ತಿಕದ ದೀಪ ಹಚ್ಚಲು ದಾವಣಗೆರೆಗೆ ಹೋದೆ. ಸಂಜೆ ಮಾವನವರು ಮಂಡಿಯಿಂದ ಬಂದು, ಕೈಕಾಲು ತೊಳೆದು, ಪಡಸಾಲೆಯ ಗಾದಿಯ ಮೇಲೆ ಕೂತಿದ್ದರು. ನಾನು ಹೋಗಿ ಅವರ ಎದುರು ನೆಲದ ಮೇಲೆ ಕೂತೆ. ಸೊಸೆಯಾಗಿ ಬಂದ ಮೇಲೆ ಅವರ ಎದುರು ಕೂತದ್ದು ಅದೇ ಮೊದಲು. ಶರಬತ್ತು ಎಂದು ಕುಡಿದದ್ದರಿಂದ ಹಿಡಿದು ಗೌಡನ ಮಾತಿನವರೆಗೆ ಎಲ್ಲವನ್ನೂ ಹೇಳಿದೆ. ನುಂಗಿದ್ದನ್ನೂ, ಬೇಕೆನಿಸಿ ನುಂಗಿದ್ದನ್ನೂ ಹೇಳಿದೆ. ಒಳಗಿನ ಬಾಗಿಲಲ್ಲಿ ಅತ್ತೆ ಬಂದು ನಿಂತದ್ದು, ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಮಾವನವರು ಗಾದಿಯ ಅಂಚಿಗೆ ಸರಿದು ಕೇಳಿದರು.

“ಬೆಲ್ಲ ಇತ್ತೇನು ಅದ್ರಾಗ?”

ಇತ್ತು ಎಂದೆ.

“ಇಲ್ಲ ಅಂದಿ.”

ಹೂಂ ಎಂದೆ.

“ನೀ ಕುಡಿದದ್ದಕ್ಕೆ ಏನು ಮಾಡ್ಬೇಕು ಅಂತ ಮಠದ ಅಯ್ಯನೋರ್ನ ಕೇಳ್ತೀನಿ. ಸುಳ್ಳು ಹೇಳಿದ್ದಕ್ಕೆ ಯಾರ್ನೂ ಕೇಳೋದು ಬ್ಯಾಡ. ನಾಳೆ ಹೋಗಿ ನಿಜ ಹೇಳಿ ಬಾ. ಆಮ್ಯಾಲೆ ನೀ ಹರಿಹರದಾಗ ಇರೋದು ಬ್ಯಾಡ.”

ಮರುದಿನ ಅವರೇ ಜೊತೆಗೆ ಬಂದರು. ಬಸ್ಸಿಳಿದು ಜಟಕಾ ಹಿಡಿದೆವು. ಚರ್ಚಿನ ಗೇಟಿನ ಹೊರಗೆ ಜಟಕಾದಲ್ಲೇ ಕೂತರು, ಒಳಗೆ ಬರಲಿಲ್ಲ. ಪಾದ್ರಿಗಳು ತೋಟದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಕೈಯ ಚೊಂಬನ್ನು ಕೆಳಗಿಟ್ಟರು. ಬಯ್ಯಲಿಲ್ಲ. ಕಾಗದ ಇನ್ನೂ ಮೇಜಿನ ಮೇಲೇ ಇದೆ, ಹೋಗಿಲ್ಲ ಎಂದರು. ಕಾತ್ರಿನಳಿಗೆ ಹೇಳಿದೆಯಾ ಎಂದು ಕೇಳಿದರು. ಇಲ್ಲವೆಂದೆ. ಮೊದಲು ಅಲ್ಲಿಗೆ ಹೋಗಬೇಕಿತ್ತು ಎಂದರು.

ಕಾತ್ರಿನಮ್ಮನ ಅಂಗಳದಲ್ಲಿ ಆ ದೊಡ್ಡ ಜಾಡಿ ಬಿಸಿಲಿಗೆ ಬೋರಲಾಗಿ ಬಿದ್ದಿತ್ತು. ತೊಳೆದು ಒಣಗಲು ಹಾಕಿದ್ದಳು. ಬಚ್ಚಲ ಮೋರಿಯ ಕಲ್ಲು ಆ ಕೊನೆಯವರೆಗೆ ನೇರಳೆಯಾಗಿತ್ತು. ಅವಳು ಮಿಷನ್ನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಹಚ್ಚುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ನಿನ್ನ ರಸ ಕೆಟ್ಟಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಅವಳು ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಗಾರ್ಡ್ ಮುದುಕಪ್ಪ ಬಂದು ಹಿಂಗಂತೆ ಅಂದ. ಮನೀಗೆ ಬಂದು ನಾನೇ ಒಂದು ಬಟ್ಟಲು ಕುಡಿದು ನೋಡಿದೆ. ಹುಳಿ ಇರ್ಲಿಲ್ಲ. ಎರಡು ದಿನ ಬಿಟ್ಟು ಮತ್ತೆ ನೋಡಿದೆ. ಇರ್ಲಿಲ್ಲ. ಆದ್ರೂ ನೀವಂದಿದ್ರಲ್ಲ. ನನ್ನ ನಾಲಿಗೆಗೇ ವಯಸ್ಸಾತು ಅಂದ್ಕೊಂಡು ಚೆಲ್ಲಿಬಿಟ್ಟೆ.”

ಕಡಿದ ದಾರವನ್ನು ಬೆರಳಿಗೆ ಸುತ್ತುತ್ತ ಅವಳೇ ಮತ್ತೆ ಹೇಳಿದಳು. “ಲೈಸನ್ಸು ಹೋದ್ರೆ ಹೋಗ್ಲಿ ನೀಲಮ್ಮ. ನನ್ನ ಕೈ ಮ್ಯಾಲೆ ನಂಗೇ ಅನುಮಾನ ಬಂತಲ್ರಿ, ಅದು.”

ಮತ್ತೆ ಸೂಜಿ ಕೈಗೆ ತೆಗೆದುಕೊಂಡಳು. ಹೊರಗೆ ಜಟಕಾದವನು ಕೂಗಿದ. ನಾನು ಬಂದೆ.

ಆಮೇಲಿನದು ಬೇಗ ಮುಗಿಯುತ್ತದೆ. ಪಾದ್ರಿಗಳು ರುದ್ರಗೌಡನ ಹೆಸರು ಹೊಡೆದುಹಾಕಿದರು. ಆ ಕ್ರಿಸ್‌ಮಸ್ಸಿಗೆ ಬೆಂಗಳೂರಿನಿಂದ ವೈನು ತರಿಸಿಕೊಂಡು, ಮುಂದಿನ ವರ್ಷಕ್ಕೆ ಕಾತ್ರಿನಮ್ಮನ ಹೆಸರು ಕಳಿಸಿದರು. ಗೌಡ ಮಂಡಿಗೆ ಬರುವುದು ನಿಂತಿತು. ನಮ್ಮವರಿಗೆ ಬಡ್ತಿ ತಡವಾಯಿತು, ತಪ್ಪಲಿಲ್ಲ. ಅವರು ಹರಿಹರದಲ್ಲೇ ಉಳಿದು ಶನಿವಾರ ಸಂಜೆ ಬಂದುಹೋಗುತ್ತಿದ್ದರು. ಮೊದಲ ಕೆಲವು ತಿಂಗಳು ನಾವು ಮಾತಾಡಿದ್ದು ಬಹಳ ಕಡಿಮೆ. ಮಠದ ಅಯ್ಯನವರು ಬಂದು ನನಗೆ ಮತ್ತೆ ಲಿಂಗ ಕಟ್ಟಿದರು. ಆದರೂ ಅತ್ತೆ ಯುಗಾದಿಯವರೆಗೆ ನನ್ನನ್ನು ದೇವರ ಕೋಣೆಗೆ ಬಿಟ್ಟುಕೊಳ್ಳಲಿಲ್ಲ. ಹೊರಗೆ ಹೋಗುವುದೆಂದರೆ ಹಿತ್ತಲಿನವರೆಗೆ, ಹಬ್ಬಕ್ಕೆ ಹದಡಿಯವರೆಗೆ. ಮಾವನವರು ಬಯ್ದದ್ದಿಲ್ಲ. ನನ್ನ ಅಂಗೈಗೆ ಬೆಲ್ಲ ಹಾಕುವುದನ್ನು ಮಾತ್ರ ನಿಲ್ಲಿಸಿದರು.

ಮರುವರ್ಷ ಏಪ್ರಿಲಿನಲ್ಲಿ ನಮ್ಮವರ ಕೈಯಲ್ಲಿ ಕಾತ್ರಿನಮ್ಮ ಒಂದು ಮಾತು ಹೇಳಿಕಳಿಸಿದಳು. ದ್ರಾಕ್ಷಿ ಬಂದಿದೆ, ಸೋಸುವ ದಿನ ಒಂದು ಸಲ ಬಂದು ನೋಡಿ ಹೇಳಲು ಆಗುತ್ತದೆಯೇ ಎಂದು. ಅವಳು ಅಷ್ಟಾದ ಮೇಲೂ ನನ್ನನ್ನು ಕೇಳಿದ್ದಳು. ನಾನು ಅಡಿಗೆಮನೆಯಲ್ಲಿ ಒಂದು ಗಳಿಗೆ ನಿಂತಿದ್ದು, ಆಮೇಲೆ ಪಡಸಾಲೆಗೆ ಹೋಗಿ ಮಾವನವರನ್ನು ಕೇಳಿದೆ. ಅವರು ಬ್ಯಾಡ ಎಂದರು. ಸೋಸುವ ದಿನವನ್ನು ಆ ಸಲ ಅವಳೇ ಗೊತ್ತು ಮಾಡಿಕೊಂಡಳು.

ಡಿಸೆಂಬರಿನಲ್ಲಿ ಸಾಹೇಬರು ನಮ್ಮವರನ್ನು ಕ್ರಿಸ್‌ಮಸ್ ಊಟಕ್ಕೆ ಕರೆದಿದ್ದರು. ಅಲ್ಲಿ ಎಲ್ಲರಿಗೂ ಕಾತ್ರಿನಮ್ಮ ಮಾಡಿದ್ದನ್ನೇ ಒಂದೊಂದು ಗುಟುಕು ಕೊಟ್ಟರಂತೆ, ಪಾದ್ರಿಗಳು ಬಹಳ ಹೊಗಳಿದರಂತೆ. ಆ ಶನಿವಾರ ಊಟ ಬಡಿಸುವಾಗ, ಅತ್ತೆ ಆಚೆ ಹೋಗುವುದನ್ನೇ ಕಾದು, ಹೇಗಿತ್ತು ಎಂದು ಮೆತ್ತಗೆ ಕೇಳಿದೆ. ನಮ್ಮವರು ತುತ್ತು ಕೈಯಲ್ಲಿ ಹಿಡಿದುಕೊಂಡು, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು.

“ಕೆಂಪಗಿತ್ತು,” ಎಂದರು. “ಸ್ವಲ್ಪ ಒಗರು.”

ನಾನು ಇನ್ನೊಂದು ಸೌಟು ಸಾರು ಹಾಕಿ ಒಳಗೆ ಬಂದೆ.